ಗೇರು ಕೀಲುಗಳ ಸವೆತ: ಹಳೆಯ ಕಾರಿನ ಒಂದು ವ್ಯಾಧಿಯ ನಿದಾನ

ಆಯುರ್ವೇದದಲ್ಲಿ ಚಿಕಿತ್ಸೆಯನ್ನು ಬೋಧಿಸುವ ಗ್ರಂಥಗಳು ಅನೇಕವಿದ್ದರೂ ರೋಗದ ನಿದಾನಕ್ಕೆಂದೇ ಮೀಸಲಾದ ‘ಮಾಧವ ನಿದಾನ’ಕ್ಕೆ ಪ್ರತ್ಯೇಕವಾದ ಗೌರವವಿದೆ. ಮದ್ದನ್ನು ಕೊಡುವುದಕ್ಕೆ ಮೊದಲು ವ್ಯಾಧಿಯ ಸ್ಥಾನವನ್ನು ನಿಶ್ಚಯಿಸಬೇಕೆಂಬುದು ಹಿರಿಯರು ಕಂಡುಕೊಂಡಿದ್ದ ಕ್ರಮ. ಯಂತ್ರಗಳ ದುರಸ್ತಿಯಲ್ಲಿ ಈ ಕ್ರಮಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಹಳೆಯ ಕಾರೊಂದರಲ್ಲಿ ಗೇರು ಸರಿಯಾಗಿ ಬೀಳದಿದ್ದರೆ, ಅಥವಾ ಬಿದ್ದ ಗೇರು ನಿಲ್ಲದೆ ಕಳಚಿಬಂದರೆ, ದೋಷವು ಗೇರುಪೆಟ್ಟಿಗೆಯ ಒಳಗೇ ಇದೆಯೆಂದು ಭಾವಿಸಿ ಪೆಟ್ಟಿಗೆಯನ್ನು ಕೆಳಗಿಳಿಸುವ ರೂಢಿ ಎಷ್ಟೋ ಕಡೆ ಬೆಳೆದುಬಂದಿದೆ. ಪೆಟ್ಟಿಗೆಯೊಳಗಿನ ಹಲ್ಲುಚಕ್ರಗಳು ನಿರ್ದೋಷವಾಗಿದ್ದು, ಚಾಲಕನ ಕೈಗೂ ಪೆಟ್ಟಿಗೆಗೂ ನಡುವಿನ ಕೀಲುಗಳಲ್ಲಿ ಕೂರಿಸಿದ ಬೆರಳುಗಾತ್ರದ ಬುಷ್ಷುಗಳು ಸವೆದಿರುವುದೇ ಕಾರಣವಾಗಿದ್ದರೆ, ಆ ಶ್ರಮವೆಲ್ಲ ವ್ಯರ್ಥ.

ಬರಿಯ ವ್ಯರ್ಥವೆಂದು ಬಿಟ್ಟುಬಿಡುವಂತೆಯೂ ಇಲ್ಲ. ಬಾಡಿಗೆಯ ಕಾರನ್ನು ಓಡಿಸಿ ಸಂಸಾರ ನಡೆಸುವವನಿಗೆ ಕಾರು ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಒಂದು ವಾರದ ದುಡಿಮೆ ನಿಂತಂತೆ. ಧೂಳು ತುಂಬಿದ ಜಾಗದಲ್ಲಿ, ಅವಸರದಲ್ಲಿ ಬಿಚ್ಚಿದ ಗೇರುಪೆಟ್ಟಿಗೆಯಿಂದ ಸಣ್ಣ ಸ್ಪ್ರಿಂಗು, ಗುಂಡುಗಳು ಹಾರಿಹೋಗುವುದುಂಟು. ಮರುಜೋಡಣೆಯಲ್ಲಿ ಒಂದು ವಾಷರು ಸ್ಥಾನಪಲ್ಲಟವಾದರೆ ಇಲ್ಲದ ರೋಗವೂ ಹುಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಆಗಿ ಕಾರು ಹೊರಬಂದಾಗ ಹಳೆಯ ದೂರು ಹಾಗೆಯೇ ಇರುತ್ತದೆ; ಏಕೆಂದರೆ ಸವೆದ ಬುಷ್ಷನ್ನು ಯಾರೂ ಮುಟ್ಟಿರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಬುಷ್ಷಿನ ಸವೆತವನ್ನು ಅಲಕ್ಷಿಸಿ ಕಾರನ್ನು ಓಡಿಸುತ್ತಲೇ ಇದ್ದರೆ ಒಳ್ಳೆಯ ಗೇರುಪೆಟ್ಟಿಗೆಯೂ ಕಾಲಕ್ರಮದಲ್ಲಿ ಕೆಡುತ್ತದೆ. ಅದು ಹೇಗೆಂಬುದನ್ನು ಮುಂದೆ ವಿವರಿಸಲಾಗಿದೆ.

ಸ್ಟಿಯರಿಂಗ್ ಕಂಬದ ಮೇಲಿನ ಗೇರು

ಭಾರತದ ರಸ್ತೆಗಳಲ್ಲಿ ಈ ವ್ಯಾಧಿಯನ್ನು ಹೆಚ್ಚಾಗಿ ಕಂಡದ್ದು ಎರಡು ಕಾರುಗಳಲ್ಲಿ. ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ತಯಾರಿಸಿದ ಅಂಬಾಸಡರ್ ಮೊದಲನೆಯದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿದ ಇದರ ತಯಾರಿಕೆ 1950ರ ದಶಕದ ಕೊನೆಯಲ್ಲಿ ಆರಂಭವಾಗಿ 2014ರಲ್ಲಿ ನಿಂತಿತು. ಎರಡನೆಯದು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ತಯಾರಿಸಿದ ಫಿಯೆಟ್ 1100. 1970ರ ದಶಕದಲ್ಲಿ ಇದಕ್ಕೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಈ ಸಂಸ್ಥೆಯ ಸ್ಥಾಪಕರಾದ ವಾಲಚಂದ್ ಹೀರಾಚಂದರೇ 1940ರಲ್ಲಿ ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರು; ಭಾರತದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು 1930ರ ದಶಕದಲ್ಲಿ ಶ್ರಮಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರೆಂಬುದನ್ನು ಕನ್ನಡಿಗರು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಗಳು 2023ರ ಅಕ್ಟೋಬರಿನಲ್ಲಿ ನಿವೃತ್ತಿಯಾದವು. ಆದರೂ ಈ ಎರಡು ಬಗೆಯ ಕಾರುಗಳನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇಂದಿಗೂ ಇದ್ದಾರೆ.

ಇವೆರಡರಲ್ಲಿಯೂ ಬಹುಕಾಲ ಗೇರಿನ ಲಿವರು ನೆಲದಲ್ಲಿರದೆ ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿತ್ತು. ಮುಂದಿನ ಆಸನವು ಒಂದೇ ಉದ್ದನೆಯ ಬೆಂಚಾಗಿದ್ದುದರಿಂದ, ನೆಲವನ್ನು ಬರಿದಾಗಿಟ್ಟರೆ ಚಾಲಕನ ಪಕ್ಕದಲ್ಲಿ ಇನ್ನಿಬ್ಬರು ಕೂರಬಹುದೆಂಬುದೇ ಇದರ ಉದ್ದೇಶ. ಮದುವೆ ದಿಬ್ಬಣದ ಕಾಲದಲ್ಲಿ ಆ ಇಬ್ಬರು ನಾಲ್ವರಾಗುತ್ತಿದ್ದರೆಂಬುದು ಬೇರೆಯ ಮಾತು. ಅನುಕೂಲಕ್ಕೆ ತೆತ್ತ ಬೆಲೆ ಮಾತ್ರ ಯಂತ್ರಭಾಗದಲ್ಲಿ ಕಾಣುತ್ತದೆ. ಲಿವರು ಪೆಟ್ಟಿಗೆಯ ನೆತ್ತಿಯ ಮೇಲೆಯೇ ನಿಂತಿರುವ ಕಾರಿನಲ್ಲಿ ಚಾಲಕನ ಕೈಚಲನೆ ನೇರವಾಗಿ ಒಳಗಿಳಿಯುತ್ತದೆ. ಕಂಬದ ಗೇರಿನಲ್ಲಾದರೋ ಆ ಚಲನೆ ಕಂಬದ ಉದ್ದಕ್ಕೂ ಇಳಿದು, ಅದರ ಬುಡದಲ್ಲಿ ದಿಕ್ಕು ಬದಲಿಸಿ, ಸರಳುಗಳ ಮತ್ತು ಅಡ್ಡತೋಳುಗಳ ಮೂಲಕ ಪೆಟ್ಟಿಗೆಯ ಹೊರಮೈಯಲ್ಲಿರುವ ತೋಳನ್ನು ಮುಟ್ಟಬೇಕು. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಸಂಧಿಯಲ್ಲಿಯೂ ಒಂದು ಪಿನ್ನು, ಅದನ್ನು ಸುತ್ತಿಕೊಂಡ ಒಂದು ಬುಷ್ಷು ಇರುತ್ತದೆ.

ಚಲನೆಯೂ ಒಂದಲ್ಲ, ಎರಡು. ಮೊದಲನೆಯದು ಸಾಲನ್ನು ಆರಿಸುವ ಚಲನೆ: ಒಂದು ಎರಡರ ಸಾಲು, ಮೂರು ನಾಲ್ಕರ ಸಾಲು, ರಿವರ್ಸಿನ ಸಾಲು, ಇವುಗಳಲ್ಲಿ ಯಾವುದು ಬೇಕೆಂಬುದನ್ನು ಇದು ನಿರ್ಧರಿಸುತ್ತದೆ. ಎರಡನೆಯದು ಆರಿಸಿದ ಸಾಲಿನಲ್ಲಿ ಗೇರನ್ನು ಬೀಳಿಸುವ ಚಲನೆ. ಮೊದಲನೆಯದರ ಹರಹು ಕಿರಿದು, ಎರಡನೆಯದರದು ಹಿರಿದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲಕ್ಷಣಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಸ್ಟಿಯರಿಂಗ್ ಕಂಬವು ಕಾರಿನ ಮೈಗೆ ಬಿಗಿಯಲ್ಪಟ್ಟಿದೆ. ಎಂಜಿನ್ನೂ ಗೇರುಪೆಟ್ಟಿಗೆಯೂ ಒಂದಾಗಿ ರಬ್ಬರಿನ ದಿಂಬುಗಳ ಮೇಲೆ ಕುಳಿತಿವೆ. ಓಡುವಾಗ ಅವು ಅಲುಗುತ್ತವೆ, ಎಳೆತ ಹೆಚ್ಚಿದಾಗ ಓರೆಯಾಗುತ್ತವೆ. ಅಲುಗುವ ವಸ್ತುವಿಗೂ ಅಲುಗದ ವಸ್ತುವಿಗೂ ನಡುವೆ ಕಟ್ಟಿದ ಸೇತುವೆಯೇ ಈ ಸರಳುಗಳು. ಆದ್ದರಿಂದ ಚಾಲಕನು ಗೇರನ್ನು ಮುಟ್ಟದೆ ಹೋಗುತ್ತಿರುವಾಗಲೂ ಕೀಲುಗಳು ನಿರಂತರವಾಗಿ ದುಡಿಯುತ್ತಲೇ ಇರುತ್ತವೆ. ಅವು ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಕೆಳಗಿನಿಂದ ಚಿಮ್ಮುವ ಕೆಸರೂ ಮರಳೂ ಆ ಸವೆತವನ್ನು ಬೇಗನೆ ತರುತ್ತವೆ.

ಅರ್ಧ ಮಿಲಿಮೀಟರಿನ ಲೆಕ್ಕ

ಬುಷ್ಷು ಎಂದರೆ ಪಿನ್ನಿಗೂ ಅದು ತೂರುವ ರಂಧ್ರಕ್ಕೂ ನಡುವೆ ಕೂರಿಸುವ ಒಂದು ಸಣ್ಣ ಉಂಗುರ ಅಥವಾ ಕೊಳವೆ. ಉಕ್ಕು ಉಕ್ಕನ್ನು ತಿನ್ನದಂತೆ ತಾನು ಸವೆದು ಕಾಯುವುದು ಅದರ ಧರ್ಮ. ರಬ್ಬರಿನ ಬುಷ್ಷು ಕಂಪನವನ್ನು ನುಂಗುತ್ತದೆ, ಆದರೆ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಕಾವಿಗೆ ಬಿರಿಯುತ್ತದೆ. ನೈಲಾನು ಕಡಿಮೆ ತಿಕ್ಕಾಟದಿಂದ ಸರಾಗವಾಗಿ ಸರಿಯುತ್ತದೆ. ಕಂಚು ದೀರ್ಘಕಾಲ ಬಾಳುತ್ತದೆ, ಆದರೆ ಗ್ರೀಸಿನ ಉಪಚಾರವನ್ನು ತಪ್ಪಿಸುವಂತಿಲ್ಲ.

ಒಂದೊಂದು ಬುಷ್ಷಿನ ಸವೆತ ಕಣ್ಣಿಗೆ ಅಲ್ಪವೆಂದೇ ತೋರುತ್ತದೆ. ಪಿನ್ನು ಅರ್ಧ ಮಿಲಿಮೀಟರು ಅತ್ತಿತ್ತ ಆಡಿದರೆ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಇಂತಹ ನಾಲ್ಕು ಕೀಲುಗಳು ಒಂದರ ಹಿಂದೆ ಒಂದಿದ್ದರೆ ಅವುಗಳ ಸಡಿಲುಗಳು ಕೂಡಿಕೊಂಡು 2 ಮಿಲಿಮೀಟರಾಗುತ್ತವೆ. ಕಂಬದ ಬುಡದಲ್ಲಿರುವ ತೋಳು 5 ಸೆಂಟಿಮೀಟರು, ಮೇಲಿನ ಗೇರು ಲಿವರು 25 ಸೆಂಟಿಮೀಟರು ಉದ್ದವಿದೆಯೆಂದು ಇಟ್ಟುಕೊಂಡರೆ, ಕೆಳಗಿನ ಆ 2 ಮಿಲಿಮೀಟರು ಚಾಲಕನ ಕೈಯಲ್ಲಿ ಐದು ಪಾಲು ಹಿಗ್ಗಿ 10 ಮಿಲಿಮೀಟರಾಗಿ ತೋರುತ್ತದೆ. ಪ್ರೌಢಶಾಲೆಯಲ್ಲಿ ಕಲಿಸುವ ಸನ್ನೆಕೋಲಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಇದೇ 2 ಮಿಲಿಮೀಟರಿನ ಪರಿಣಾಮ ಎರಡು ಚಲನೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಗೇರು ಬೀಳಿಸುವ ಸರಳು 20 ಮಿಲಿಮೀಟರು ಸರಿಯಬೇಕಿದ್ದರೆ ಅದರಲ್ಲಿ 2 ಮಿಲಿಮೀಟರು ಹತ್ತನೆಯ ಒಂದು ಪಾಲು. ಸಾಲನ್ನು ಆರಿಸುವ ಸರಳು 8 ಮಿಲಿಮೀಟರು ಮಾತ್ರ ಸರಿಯುವುದಾದರೆ ಅದೇ ಸಡಿಲು ಕಾಲುಭಾಗವನ್ನು ನುಂಗಿಬಿಡುತ್ತದೆ. ಆದಕಾರಣ ಬುಷ್ಷು ಸವೆದ ಕಾರಿನ ಮೊದಲ ದೂರು ಸಾಮಾನ್ಯವಾಗಿ ‘ಗೇರು ಎಲ್ಲಿದೆಯೆಂದು ಹುಡುಕಬೇಕು’ ಎಂಬುದೇ ಆಗಿರುತ್ತದೆ. ಒಂದಕ್ಕೆಂದು ಎಳೆದದ್ದು ಮೂರಕ್ಕೆ ಹೋಗುತ್ತದೆ. ರಿವರ್ಸು ಒಮ್ಮೆ ಸಿಕ್ಕಿ ಮತ್ತೊಮ್ಮೆ ಸಿಕ್ಕದು. ಇಕ್ಕಟ್ಟಾದ ಬೀದಿಯಲ್ಲಿ ಮುಂದಕ್ಕೆ ಹೊರಡಬೇಕಾದ ಕಾರು ಹಿಂದಕ್ಕೆ ಹೊರಟರೆ ಹಿಂದೆ ನಿಂತಿರುವ ಮಗುವಿನ ಗತಿಯೇನೆಂಬುದನ್ನು ಊಹಿಸಿದರೆ, ಈ ಸಡಿಲನ್ನು ಕೇವಲ ಕಿರಿಕಿರಿಯೆಂದು ತಳ್ಳಿಹಾಕಲಾಗದು.

ಸವೆತದ ಗತಿಯೂ ಸಮವಾಗಿರುವುದಿಲ್ಲ. ಪಿನ್ನು ಬುಷ್ಷಿನಲ್ಲಿ ಬಿಗಿಯಾಗಿರುವ ತನಕ ಅಲ್ಲಿ ನಡೆಯುವುದು ತಿಕ್ಕಾಟ ಮಾತ್ರ. ಒಮ್ಮೆ ತೆರಪು ಉಂಟಾಯಿತೆಂದರೆ ತಿಕ್ಕಾಟದ ಜೊತೆಗೆ ಬಡಿತವೂ ಸೇರುತ್ತದೆ. ಆಮೇಲೆ ರಂಧ್ರವು ಮೊಟ್ಟೆಯಾಕಾರ ತಾಳುತ್ತ ಬೇಗಬೇಗನೆ ಹಿಗ್ಗುತ್ತದೆ.

ಮೂರು ರೋಗಗಳು, ಒಂದೇ ದೂರು

‘ಗೇರು ಸರಿಯಾಗಿ ಬೀಳುವುದಿಲ್ಲ’ ಎಂಬ ಒಂದೇ ಮಾತಿನಿಂದ ಚಾಲಕನು ಬೇರೆಬೇರೆ ರೋಗಗಳನ್ನು ವರ್ಣಿಸುತ್ತಾನೆ. ಕ್ಲಚ್ಚು ಪೂರ್ತಿಯಾಗಿ ಬಿಡಿಸಿಕೊಳ್ಳದಿರುವುದು ಒಂದು. ಪೆಟ್ಟಿಗೆಯೊಳಗಿನ ಸಿಂಕ್ರೋಮೆಷ್ ಸವೆದಿರುವುದು ಇನ್ನೊಂದು. ಹೊರಗಿನ ಕೀಲುಗಳ ಸಡಿಲು ಮತ್ತೊಂದು. ಇವನ್ನು ವಿಂಗಡಿಸಲು ಯಾವ ಉಪಕರಣವೂ ಬೇಕಿಲ್ಲ. ಪ್ರಶ್ನೆಯನ್ನು ಸರಿಯಾದ ಅನುಕ್ರಮದಲ್ಲಿ ಕೇಳಿದರೆ ಕಾರು ತಾನೇ ಉತ್ತರ ಹೇಳುತ್ತದೆ.

ಮೊದಲು ಎಂಜಿನ್ನನ್ನು ನಿಲ್ಲಿಸಿ, ಕ್ಲಚ್ಚನ್ನು ಒತ್ತಿ, ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ನಿಂತ ಕಾರಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಂತು ಗೇರು ತಡೆಯುವುದುಂಟು. ಆಗ ಕಾರನ್ನು ಗೇಣುದ್ದ ತಳ್ಳಿ ಮತ್ತೆ ಪ್ರಯತ್ನಿಸಬೇಕು. ಅದೊಂದನ್ನೇ ನೋಡಿ ದೋಷವೆಂದು ತೀರ್ಮಾನಿಸಬಾರದು. ಎಂಜಿನ್ನು ನಿಂತಿರುವಾಗ ಎಲ್ಲ ಗೇರುಗಳೂ ಸಲೀಸಾಗಿ, ತಮ್ಮತಮ್ಮ ಸ್ಥಾನದಲ್ಲಿ ಬಿದ್ದು, ಎಂಜಿನ್ನು ತಿರುಗುತ್ತಿರುವಾಗ ಮಾತ್ರ ಒರಟುತನ ತೋರಿದರೆ ಸಂದೇಹವು ಕ್ಲಚ್ಚಿನ ಕಡೆಗೆ ತಿರುಗಬೇಕು. ಅದನ್ನು ದೃಢಪಡಿಸಲು, ಎಂಜಿನ್ನನ್ನು ನಿಧಾನಗತಿಯಲ್ಲಿ ಬಿಟ್ಟು, ಕ್ಲಚ್ಚನ್ನು ಪೂರ್ತಿ ಒತ್ತಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ರಿವರ್ಸಿಗೆ ಹಾಕಬೇಕು. ರಿವರ್ಸಿಗೆ ಸಿಂಕ್ರೋಮೆಷ್ ಇಲ್ಲದ ಹಳೆಯ ಪೆಟ್ಟಿಗೆಗಳಲ್ಲಿ ಒತ್ತಿದ ತಕ್ಷಣ ಹಾಕಿದರೆ ಚಕ್ರಗಳು ಇನ್ನೂ ತಿರುಗುತ್ತಿರುವುದರಿಂದ ಕರಕರ ಶಬ್ದ ಸಹಜ. ಅಷ್ಟು ಕಾದ ಮೇಲೂ ಹಲ್ಲು ಕಡಿದಂತೆ ಶಬ್ದ ಬಂದರೆ ಕ್ಲಚ್ಚು ಎಳೆಯುತ್ತಿದೆಯೆಂದು ತಿಳಿಯಬೇಕು. ದ್ರವದ ಒತ್ತಡದಿಂದ ಕೆಲಸಮಾಡುವ ಕ್ಲಚ್ಚಿರುವ ಕಾರಿನಲ್ಲಿ ಮೊದಲು ಡಬ್ಬಿಯಲ್ಲಿನ ದ್ರವದ ಮಟ್ಟವನ್ನು ನೋಡುವುದು ಲೇಸು.

ಓಡುತ್ತಿರುವಾಗ ಒಂದು ನಿರ್ದಿಷ್ಟ ಗೇರಿಗೆ, ಉದಾಹರಣೆಗೆ ಮೂರರಿಂದ ಎರಡಕ್ಕೆ, ಬರುವಾಗ ಮಾತ್ರ ಕರಕರ ಶಬ್ದವಾಗಿ, ಉಳಿದ ಗೇರುಗಳಲ್ಲಿ ಏನೂ ಇಲ್ಲದಿದ್ದರೆ ಆ ಗೇರಿನ ಸಿಂಕ್ರೋಮೆಷ್ ಸವೆದಿರುವ ಸಂಭವ ಹೆಚ್ಚು. ಮೊದಲನೆಯ ಗೇರಿಗೆ ಸಿಂಕ್ರೋಮೆಷ್ಷೇ ಇಲ್ಲದ ಹಳೆಯ ಪೆಟ್ಟಿಗೆಗಳಲ್ಲಿ ಕಾರು ಚಲಿಸುತ್ತಿರುವಾಗ ಒಂದಕ್ಕೆ ಹಾಕಿ, ಬಂದ ಶಬ್ದವನ್ನು ರೋಗವೆಂದು ದೂರುವುದು ಚಾಲಕನ ಅಜ್ಞಾನವೇ ಹೊರತು ಕಾರಿನ ದೋಷವಲ್ಲ.

ಕೀಲುಗಳ ಸಡಿಲಿಗೆ ಇವೆರಡಕ್ಕೂ ಇಲ್ಲದ ಒಂದು ಗುರುತಿದೆ. ಎಂಜಿನ್ನು ತಿರುಗಲಿ, ನಿಂತಿರಲಿ, ಅದು ತನ್ನ ನಡತೆಯನ್ನು ಬದಲಿಸುವುದಿಲ್ಲ. ನಿಂತ ಕಾರಿನಲ್ಲಿಯೂ ಲಿವರು ಜೋಲಾಡುತ್ತದೆ, ಸಾಲು ತಪ್ಪುತ್ತದೆ, ಗೇರು ಬಿತ್ತೋ ಇಲ್ಲವೋ ಎಂಬುದು ಕೈಗೆ ತಿಳಿಯುವುದಿಲ್ಲ. ಓಡುವಾಗ ಎಂಜಿನ್ನಿನ ಒಂದು ವೇಗದಲ್ಲಿ ಲಿವರು ಗಿಲಕಿಯಂತೆ ಶಬ್ದ ಮಾಡುವುದೂ, ಅದರ ತುದಿಯನ್ನು ಬೆರಳಿನಿಂದ ಒತ್ತಿಹಿಡಿದ ಕೂಡಲೇ ಶಬ್ದ ನಿಲ್ಲುವುದೂ ಇದರದೇ ಚಿಹ್ನೆ.

ಗೇರು ಕಳಚುವ ದೂರು ಮಾತ್ರ ಇಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ. ಹದಿನಾಲ್ಕು ಕಡಿದಾದ ತಿರುವುಗಳ ಆಗುಂಬೆ ಘಾಟಿಯಂತಹ ರಸ್ತೆಯಲ್ಲಿ ಎರಡನೆಯ ಗೇರಿನಲ್ಲಿ ಇಳಿಯುತ್ತಿರುವ ಕಾರು ಇದ್ದಕ್ಕಿದ್ದಂತೆ ನ್ಯೂಟ್ರಲ್ಲಿಗೆ ಬಂದರೆ ಎಂಜಿನ್ನಿನ ತಡೆ ತಪ್ಪಿಹೋಗುತ್ತದೆ. ಇಡೀ ಭಾರವನ್ನು ಮೊದಲೇ ಕಾದಿರುವ ಬ್ರೇಕುಗಳು ಹೊರಬೇಕಾಗುತ್ತದೆ. ಇದಕ್ಕೆ ಪೆಟ್ಟಿಗೆಯೊಳಗಿನ ತಡೆಗುಂಡಿನ ಸ್ಪ್ರಿಂಗು ಸೋತಿರುವುದು, ಹಿಡಿಹಲ್ಲುಗಳು ದುಂಡಗಾಗಿರುವುದು, ಬೇರಿಂಗು ಸವೆದು ದಂಡವು ಹಿಂದುಮುಂದಾಗುವುದು ಕಾರಣವಾಗಬಹುದು. ಎಂಜಿನ್ನಿನ ರಬ್ಬರು ದಿಂಬು ಹರಿದು ಇಡೀ ಪೆಟ್ಟಿಗೆಯೇ ಸರಿದು, ಸರಳನ್ನು ಎಳೆದು ಗೇರನ್ನು ಕಳಚುವುದೂ ಉಂಟು. ಹೊರಗಿನ ಕೀಲು ಸವೆದು ಗೇರು ಅರೆಬರೆಯಾಗಿ ಬಿದ್ದಿರುವುದೂ ಅಷ್ಟೇ ಸಾಮಾನ್ಯವಾದ ಕಾರಣ.

ಈ ಕೊನೆಯ ಸಂಗತಿಯಲ್ಲಿಯೇ, ಆರಂಭದಲ್ಲಿ ಸೂಚಿಸಿದ ಅಪಾಯ ಅಡಗಿದೆ. ಲಿವರು ತನ್ನ ಕೊನೆಯನ್ನು ಮುಟ್ಟಿದರೂ, ನಡುವಿನ ಸಡಿಲುಗಳು ಚಲನೆಯ ಒಂದಂಶವನ್ನು ನುಂಗಿರುವುದರಿಂದ ಪೆಟ್ಟಿಗೆಯೊಳಗಿನ ತೋಳು ತನ್ನ ಕೊನೆಯನ್ನು ಮುಟ್ಟಿರುವುದಿಲ್ಲ. ಹಿಡಿಹಲ್ಲುಗಳು ತಮ್ಮ ಪೂರ್ಣ ಉದ್ದಕ್ಕೆ ಕಚ್ಚಿಕೊಳ್ಳದೆ ತುದಿಗಳಲ್ಲಿ ಮಾತ್ರ ಕಚ್ಚಿಕೊಂಡು ಎಂಜಿನ್ನಿನ ಸಮಸ್ತ ಎಳೆತವನ್ನೂ ತಡೆಯುತ್ತವೆ. ಹೀಗೆ ಕೆಲವು ತಿಂಗಳು ನಡೆದರೆ ಆ ತುದಿಗಳು ಸವೆದು ದುಂಡಗಾಗುತ್ತವೆ. ಆಮೇಲೆ ಹೊಸ ಬುಷ್ಷು ಹಾಕಿದರೂ ಗೇರು ನಿಲ್ಲುವುದಿಲ್ಲ. ಅಗ್ಗದ ಬುಷ್ಷಿನಲ್ಲಿ ಹುಟ್ಟಿದ ರೋಗ ದುಬಾರಿಯಾದ ಚಕ್ರಕ್ಕೆ ಹಬ್ಬಿದ ಮೇಲೆ ಪೆಟ್ಟಿಗೆಯನ್ನು ಇಳಿಸದೆ ಗತ್ಯಂತರವಿಲ್ಲ.

ಕಾರಿನ ಕೆಳಗೆ

ಸಂದೇಹವು ಕೀಲುಗಳ ಮೇಲೆ ನಿಂತಮೇಲೆ ಯಾವ ಕೀಲು ಎಂಬುದನ್ನು ಕಂಡುಹಿಡಿಯಬೇಕು. ಈ ಪರೀಕ್ಷೆಗೆ ಇಬ್ಬರು ಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಕೀಲಿಕೈಯನ್ನು ತೆಗೆದಿಟ್ಟು, ಕೈಬ್ರೇಕು ಹಾಕಿ, ಚಕ್ರಗಳಿಗೆ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನು ಕೊಡಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ತಲೆಯಿಡಬಾರದು. ಗಟ್ಟಿಯಾದ ಸ್ಟ್ಯಾಂಡುಗಳು ಇರಲೇಬೇಕು. ಗುಂಡಿಯಿರುವ ಗ್ಯಾರೇಜಾದರೆ ಇನ್ನೂ ಉತ್ತಮ. ಕೀಲುಗಳ ಮೇಲೆ ಗಟ್ಟಿಯಾದ ಕೆಸರನ್ನು ಸೀಮೆಎಣ್ಣೆ, ಬ್ರಷ್ಷುಗಳಿಂದ ಮೊದಲು ತೊಳೆಯಬೇಕು. ರಬ್ಬರು ಬುಷ್ಷಿರುವ ಕಡೆ ಸೀಮೆಎಣ್ಣೆಯನ್ನು ತಗುಲಿಸದೆ ಸಾಬೂನಿನ ನೀರನ್ನು ಬಳಸಬೇಕು.

ಒಬ್ಬನು ಆಸನದಲ್ಲಿ ಕುಳಿತು ಲಿವರನ್ನು ಅದರ ಸಡಿಲಿನ ಮಿತಿಯೊಳಗೆ ಮಾತ್ರ, ಗೇರು ಬೀಳದಂತೆ, ಮೆಲ್ಲಗೆ ಆಡಿಸುತ್ತಿರಬೇಕು. ಬಲವಾಗಿ ಎಳೆದರೆ ಸಡಿಲೆಲ್ಲ ಒಂದು ಕಡೆಗೆ ಸರಿದುಕೊಂಡು ಏನೂ ಕಾಣುವುದಿಲ್ಲ. ಇನ್ನೊಬ್ಬನು ಮೇಲಿನಿಂದ ಕೆಳಕ್ಕೆ ಒಂದೊಂದೇ ಕೀಲನ್ನು ಪರೀಕ್ಷಿಸುತ್ತ ಬರಬೇಕು. ಕೀಲಿನ ಎರಡು ಭಾಗಗಳನ್ನೂ ಕೂಡಿಸಿ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದರೆ, ಅವೆರಡೂ ಒಟ್ಟಿಗೆ ಚಲಿಸುತ್ತಿವೆಯೋ ಅಥವಾ ಒಂದು ಚಲಿಸಿ ಮತ್ತೊಂದು ಸುಮ್ಮನಿದೆಯೋ ಎಂಬುದು ಸ್ಪರ್ಶಕ್ಕೆ ತಕ್ಷಣ ತಿಳಿಯುತ್ತದೆ. ಇಲ್ಲಿ ಕಣ್ಣಿಗಿಂತ ಬೆರಳು ಸೂಕ್ಷ್ಮ. ಒಂದು ಕೀಲಿನಲ್ಲಿ ಸಡಿಲು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸದೆ ಪೆಟ್ಟಿಗೆಯ ತೋಳಿನವರೆಗೂ ನೋಡಬೇಕು. ಸವೆತವು ಒಂಟಿಯಾಗಿರುವುದು ಅಪರೂಪ. ಕಂಬದ ಮೇಲ್ತುದಿಯಲ್ಲಿ ಲಿವರು ಕುಳಿತಿರುವ ಪಿನ್ನನ್ನೂ, ಗೇರಿನ ಉದ್ದ ದಂಡವನ್ನು ಕಂಬಕ್ಕೆ ಹಿಡಿದಿಡುವ ಮೇಲಿನ ಕೆಳಗಿನ ಆಸರೆಗಳನ್ನೂ ಅನೇಕರು ಮರೆಯುತ್ತಾರೆ. ಕೆಳಗಿನ ಬುಷ್ಷುಗಳನ್ನೆಲ್ಲ ಬದಲಿಸಿದ ಮೇಲೂ ಅರ್ಧ ಸಡಿಲು ಉಳಿದಿದ್ದರೆ ಅದು ಬಹುಶಃ ಅಲ್ಲಿಯೇ ಇರುತ್ತದೆ.

ಎರಡನೆಯ ಪರೀಕ್ಷೆ ಗೇರು ಪೂರ್ತಿ ಬಿದ್ದಿದೆಯೇ ಎಂಬುದನ್ನು ತಿಳಿಸುತ್ತದೆ. ಎಂಜಿನ್ನು ನಿಂತಿರುವಂತೆಯೇ, ಮೇಲಿನವನು ದೂರಿಗೆ ಕಾರಣವಾದ ಗೇರನ್ನು ಹಾಕಿ ಕೈಬಿಡಬೇಕು. ಕೆಳಗಿನವನು ಪೆಟ್ಟಿಗೆಯ ಹೊರತೋಳನ್ನು ಅದೇ ದಿಕ್ಕಿನಲ್ಲಿ ಇನ್ನಷ್ಟು ಒತ್ತಿನೋಡಬೇಕು. ತೋಳು ಮುಂದೆ ಸರಿದು ‘ಟಕ್’ ಎಂದು ಕುಳಿತರೆ ಲಿವರು ತನ್ನ ಕೆಲಸವನ್ನು ಅರ್ಧದಲ್ಲಿಯೇ ಬಿಟ್ಟಿತ್ತೆಂದು ಸ್ಪಷ್ಟವಾಯಿತು.

ಮೂರನೆಯದು ನಿರ್ಣಾಯಕವಾದುದು. ಪೆಟ್ಟಿಗೆಯ ತೋಳಿಗೆ ಸರಳನ್ನು ಹಿಡಿದಿರುವ ಸ್ಪ್ಲಿಟ್ ಪಿನ್ನನ್ನು ತೆಗೆದು ಸರಳುಗಳನ್ನು ಬೇರ್ಪಡಿಸಬೇಕು. ಆಮೇಲೆ ಪೆಟ್ಟಿಗೆಯ ತೋಳುಗಳನ್ನು ನೇರವಾಗಿ ಕೈಯಿಂದಲೇ ಆಡಿಸಬೇಕು. ಪ್ರತಿಯೊಂದು ಗೇರೂ ತನ್ನ ಗುಂಡಿಯಲ್ಲಿ ಸ್ಪಷ್ಟವಾಗಿ ಕುಳಿತು, ಸ್ಪಷ್ಟವಾಗಿ ಬಿಟ್ಟುಬಂದರೆ ಒಳಗಿನ ಫೋರ್ಕುಗಳೂ ತಡೆಗುಂಡುಗಳೂ ಕ್ಷೇಮವಾಗಿವೆಯೆಂದು ನಂಬಬಹುದು. ಹಲ್ಲುಗಳ ಸ್ಥಿತಿಯನ್ನು ಈ ಪರೀಕ್ಷೆ ಹೇಳಲಾರದು. ಅದು ಓಡಿಸಿಯೇ ತಿಳಿಯಬೇಕು. ಆದರೆ ಪೆಟ್ಟಿಗೆಯನ್ನು ಇಳಿಸುವ ಮಾತನ್ನು ಮುಂದೂಡಲು ಇಷ್ಟು ಪ್ರಮಾಣ ಸಾಕು. ಇದರ ಬದಲು, ಸರಳುಗಳನ್ನು ಬೇರ್ಪಡಿಸಿದ ಮೇಲೂ ತೋಳು ಜಡವಾಗಿ, ಎಲ್ಲಿಯೂ ನಿಲ್ಲದೆ ಜಾರಿದರೆ, ಅಥವಾ ಒಂದು ಕಡೆ ಸಿಕ್ಕಿಹಾಕಿಕೊಂಡರೆ, ರೋಗವು ಒಳಗಿದೆ. ಬುಷ್ಷುಗಳನ್ನು ಬದಲಿಸಿ ಹಣ ಕಳೆಯುವುದು ಆಗ ಅಷ್ಟೇ ತಪ್ಪು.

ಹಳೆಯ ಮೇಸ್ತ್ರಿಗಳು ಬಳಸುವ ಒಂದು ಉಪಾಯವೂ ಇಲ್ಲಿ ಉಪಯುಕ್ತ. ಸಡಿಲಾದ ಪಿನ್ನಿನ ಸುತ್ತ ಸೈಕಲ್ ಟ್ಯೂಬಿನ ತೆಳುವಾದ ಪಟ್ಟಿಯನ್ನೋ, ತಗಡಿನ ಚೂರನ್ನೋ ಸುತ್ತಿ ತೆರಪನ್ನು ತುಂಬಿಸಿ ಮತ್ತೆ ಜೋಡಿಸುತ್ತಾರೆ. ಗೇರು ಕೂಡಲೇ ಸರಿಹೋದರೆ ನಿದಾನವು ಸಿದ್ಧವಾಯಿತು. ಆ ಪಟ್ಟಿಯನ್ನೇ ಚಿಕಿತ್ಸೆಯೆಂದು ಬಗೆದು ಊರಿಂದೂರಿಗೆ ಹೊರಡುವುದು ಮಾತ್ರ ಸಲ್ಲದು. ಅದು ನಾಲ್ಕು ದಿನಗಳಲ್ಲಿ ಹರಿದುಹೋಗುತ್ತದೆ, ಹರಿಯುವ ಸ್ಥಳವನ್ನು ಅದು ಮೊದಲೇ ತಿಳಿಸುವುದಿಲ್ಲ.

ಸರಳನ್ನು ತಿರುಗಿಸುವ ಭ್ರಮೆ

ಗೇರು ಸರಳುಗಳ ತುದಿಯಲ್ಲಿ ಉದ್ದವನ್ನು ಹೆಚ್ಚುಕಡಿಮೆ ಮಾಡಲು ಮರೆಗಳೂ ನಟ್ಟುಗಳೂ ಇರುತ್ತವೆ. ಗೇರು ಕೆಟ್ಟಿತೆಂದ ಕೂಡಲೇ ಸ್ಪ್ಯಾನರನ್ನು ಅಲ್ಲಿಗೆ ಹಾಕುವುದು ಬಹುಮಂದಿಯ ಅಭ್ಯಾಸ. ಇದರಿಂದ ತಾತ್ಕಾಲಿಕವಾಗಿ ಗುಣ ಕಂಡಂತಾಗುವುದೂ ನಿಜ. ಆ ಕಾರಣದಿಂದಲೇ ಈ ಭ್ರಮೆ ಬಲವಾಗಿ ಬೇರೂರಿದೆ. ಎರಡನೆಯ ಗೇರು ಕಳಚುತ್ತಿದ್ದ ಕಾರಿನಲ್ಲಿ ಸರಳನ್ನು ಎರಡು ಸುತ್ತು ಬದಲಿಸಿದರೆ ಎರಡನೆಯದು ಪೂರ್ತಿ ಬೀಳುತ್ತದೆ. ಆದರೆ ಅದೇ ಸಾಲಿನ ಇನ್ನೊಂದು ತುದಿಯಲ್ಲಿರುವ ಒಂದನೆಯದು ಅಷ್ಟೇ ಪ್ರಮಾಣದಲ್ಲಿ ಅರೆಯಾಗುತ್ತದೆ. ವಾರದ ಮೇಲೆ ಚಾಲಕನು ‘ಈಗ ಒಂದನೆಯದು ನಿಲ್ಲುತ್ತಿಲ್ಲ’ ಎಂದು ಬರುತ್ತಾನೆ; ಸರಳನ್ನು ಹಿಂದಕ್ಕೆ ತಿರುಗಿಸಲಾಗುತ್ತದೆ. ಸರಳಿನ ಉದ್ದವು ಚಲನೆಯ ನಡುಬಿಂದುವನ್ನು ಅತ್ತಿತ್ತ ಸರಿಸಬಲ್ಲದು, ಕಳೆದುಹೋದ ಚಲನೆಯನ್ನು ಮರಳಿ ಕೊಡಲಾರದು. ಆದ್ದರಿಂದ ಸರಳನ್ನು ಮುಟ್ಟುವ ಮೊದಲು ಅದರ ಮರೆ ಎಷ್ಟು ಹೊರಗಿದೆಯೆಂಬುದನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಬುಷ್ಷುಗಳನ್ನು ಹೊಸದಾಗಿಸಿದ ಮೇಲೆಯೇ ಹೊಂದಾಣಿಕೆಗೆ ಕೈಹಾಕಬೇಕು.

ಬದಲಿಸುವಾಗ

ಕೀಲನ್ನು ಬಿಚ್ಚಿದ ಮೇಲೆ ಬುಷ್ಷನ್ನು ಮಾತ್ರ ನೋಡಿ ಪಿನ್ನನ್ನು ನೋಡದಿರುವುದು ಅರ್ಧ ಕೆಲಸ. ಪಿನ್ನಿನ ಮೇಲೆ ಉಗುರು ಸಿಕ್ಕುವಂತಹ ಗೀರು ಅಥವಾ ತಗ್ಗು ಇದ್ದರೆ ಹೊಸ ಬುಷ್ಷು ಅದರ ಮೇಲೆ ಹೆಚ್ಚು ಕಾಲ ಬಾಳದು. ವರ್ನಿಯರ್ ಕ್ಯಾಲಿಪರಿನಿಂದ ಪಿನ್ನನ್ನು ಸವೆದ ಕಡೆಯಲ್ಲಿಯೂ ಸವೆಯದ ತುದಿಯಲ್ಲಿಯೂ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ತೋಳಿನ ರಂಧ್ರವೇ ಮೊಟ್ಟೆಯಾಕಾರವಾಗಿದ್ದರೆ ಅದನ್ನು ರೀಮರಿನಿಂದ ದುಂಡಗೆ ಹಿಗ್ಗಿಸಿ, ಆ ಅಳತೆಗೆ ತಕ್ಕ ಬುಷ್ಷನ್ನು ಒತ್ತಿ ಕೂರಿಸಬೇಕಾಗುತ್ತದೆ.

ತಯಾರಿಕೆ ನಿಂತ ಕಾರುಗಳಿಗೆ ಅಂಗಡಿಯಲ್ಲಿ ಬುಷ್ಷು ದೊರೆಯದಿದ್ದರೆ ನಿರಾಶೆಗೆ ಕಾರಣವಿಲ್ಲ. ಇಡೀ ಕಾರಿನಲ್ಲಿ ಊರಿನ ಲೇತಿನ ಮೇಲೆ ಇಷ್ಟು ಸುಲಭವಾಗಿ ತಯಾರಾಗುವ ಭಾಗಗಳು ಕೆಲವೇ. ಕಂಚಿನ ಸರಳಿನಿಂದಲೋ ನೈಲಾನು ಸರಳಿನಿಂದಲೋ ಅದನ್ನು ಕಡೆಯಬಹುದು. ನೈಲಾನು ತೇವವನ್ನು ಹೀರಿ ಸ್ವಲ್ಪ ಉಬ್ಬುವ ಗುಣವುಳ್ಳದ್ದಾದ್ದರಿಂದ ಕಂಚಿಗಿಂತ ತುಸು ಹೆಚ್ಚಿನ ತೆರಪು ಬಿಡುವುದು ಆವಶ್ಯಕ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ನೈಲಾನು ಬುಷ್ಷು ಮಳೆಗಾಲದಲ್ಲಿ ಪಿನ್ನನ್ನು ಹಿಡಿದುಕೊಂಡೀತು. ರಬ್ಬರಿನ ಬುಷ್ಷಿದ್ದ ಸ್ಥಾನಕ್ಕೆ ಕಂಚನ್ನು ಹಾಕುವುದು ಎಲ್ಲ ಕಡೆಯೂ ಯುಕ್ತವಲ್ಲ. ಸಡಿಲು ಹೋದರೂ ಎಂಜಿನ್ನಿನ ಕಂಪನವೆಲ್ಲ ನೇರವಾಗಿ ಲಿವರಿಗೆ ಏರಿಬಂದು ಚಾಲಕನ ಕೈಯನ್ನು ನಡುಗಿಸುತ್ತದೆ.

ಲೋಹದ ಕೀಲುಗಳಿಗೆ ಸಾಧಾರಣ ಗ್ರೀಸು ಸಾಕು. ನೈಸರ್ಗಿಕ ರಬ್ಬರಿಗೆ ಖನಿಜ ತೈಲದ ಗ್ರೀಸನ್ನು ಸವರಬಾರದು. ಕೂರಿಸುವಾಗ ಜಾರಲು ಏನಾದರೂ ಬೇಕೆನಿಸಿದರೆ ಹರಳೆಣ್ಣೆಯನ್ನು ಬಳಸಬಹುದು. ಅದು ರಬ್ಬರನ್ನು ಕೆಡಿಸುವುದಿಲ್ಲವೆಂಬ ಕಾರಣಕ್ಕಾಗಿಯೇ ಹಿಂದಿನ ಕಾಲದ ಬ್ರೇಕ್ ದ್ರವಗಳಲ್ಲಿ ಅದನ್ನು ಬೆರೆಸುತ್ತಿದ್ದರು. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಮಿತವ್ಯಯ ಒಳ್ಳೆಯದಲ್ಲ. ಅದು ಮುರಿದು ಬಿದ್ದ ದಿನ ಸರಳು ಕಳಚಿ, ಲಿವರು ಕೈಯಲ್ಲಿದ್ದೂ ಗೇರು ಇಲ್ಲದಂತಾಗುತ್ತದೆ.

ಎಂಜಿನ್ನು ಅಡ್ಡಲಾಗಿ ಮುಂದೆ ಕುಳಿತು, ಮುಂದಿನ ಚಕ್ರಗಳನ್ನೇ ತಿರುಗಿಸುವ ಕಾರುಗಳಲ್ಲಿ ಲಿವರು ನೆಲದ ಮೇಲಿದ್ದರೂ ಪೆಟ್ಟಿಗೆ ಅದರಿಂದ ದೂರವಿರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಇದಕ್ಕೆ ಪರಿಚಿತ ನಿದರ್ಶನ. ಅಲ್ಲಿಯೂ ಸರಳುಗಳಿವೆ, ಬುಷ್ಷುಗಳಿವೆ. ಲಿವರು ಜೋಲಾಡತೊಡಗಿದಾಗ ಮೇಲೆ ಹೇಳಿದ ಪರೀಕ್ಷೆಗಳೇ ಅನ್ವಯಿಸುತ್ತವೆ. ಆ ಬಳಿಕ ಬಂದ ಅನೇಕ ಕಾರುಗಳಲ್ಲಿ ಸರಳಿನ ಸ್ಥಾನವನ್ನು ಕೇಬಲ್ಲುಗಳು ಆಕ್ರಮಿಸಿದ್ದು, ಅವುಗಳ ತುದಿಯ ಕೊಂಡಿಗಳಲ್ಲಿ ಸವೆತವನ್ನು ಹುಡುಕಬೇಕಾಗುತ್ತದೆ.

ಜೋಡಣೆ ಮುಗಿದ ಮೇಲೆ ಕಾರನ್ನು ರಸ್ತೆಗೆ ತರುವ ಮೊದಲು, ಎಂಜಿನ್ನು ನಿಂತಿರುವಂತೆಯೇ ಎಲ್ಲ ಗೇರುಗಳನ್ನೂ ಹಾಕಿ, ಪ್ರತಿಯೊಂದರಲ್ಲಿಯೂ ಪೆಟ್ಟಿಗೆಯ ತೋಳನ್ನು ಕೆಳಗಿನಿಂದ ಒತ್ತಿನೋಡಬೇಕು. ಯಾವುದರಲ್ಲಿಯೂ ಅದು ಇನ್ನಷ್ಟು ಮುಂದೆ ಸರಿಯಕೂಡದು. ಆಗ ಮಾತ್ರ ಸರಳಿನ ನಟ್ಟುಗಳನ್ನು ಬಿಗಿದು, ಅವುಗಳ ಮೇಲೆ ಬಣ್ಣದ ಒಂದು ಗೆರೆಯನ್ನು ಎಳೆಯಬೇಕು. ಮುಂದೊಂದು ದಿನ ಗೆರೆ ತುಂಡಾಗಿ ಕಂಡರೆ ನಟ್ಟು ಸಡಿಲಾಗಿದೆಯೆಂದೂ, ಗೆರೆ ಹಾಗೆಯೇ ಇದ್ದು ಲಿವರು ಜೋಲಾಡಿದರೆ ಬುಷ್ಷು ಮತ್ತೆ ಸವೆದಿದೆಯೆಂದೂ ಕೆಳಗೆ ಬಗ್ಗಿದವನಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.